ಅಚ್ಚಿನೊಳಗಿನ ಇಟ್ಟಿಗೆ: ಪೂರ್ವನಿರ್ಮಿತ ಕಾಂಕ್ರೀಟ್ ಗೋಡೆಫಲಕಗಳಲ್ಲಿ ತೆಳು ಇಟ್ಟಿಗೆಯ ಅಳವಡಿಕೆ

ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿ ಎರೆಭೂಮಿಯ ನಡುವಿನ ಊರು. ಈ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆಯೆಂದರೆ ಒಂದು ಮೊಳಕ್ಕೆ ಕಡಿಮೆಯಿಲ್ಲದ ದಪ್ಪದ ಕಲ್ಲುಮಣ್ಣಿನ ಕಟ್ಟಡ. ಅದರ ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ. ಬೇಸಿಗೆಯ ಬಿಸಿಲನ್ನು ತಡೆಯುವಲ್ಲಿ ಈ ಗೋಡೆಗೆ ಸಾಟಿಯಿಲ್ಲ. ಆದರೆ ನೀರಿನ ಮುಂದೆ ಅದು ದುರ್ಬಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾಗಿ ಅಕ್ಟೋಬರ್ ಆರಂಭದವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕದಾದ್ಯಂತ ಕುಸಿದ ಮನೆಗಳಲ್ಲಿ ಬಹುಪಾಲು ಮಣ್ಣಿನವೇ. ಆಗ ಸರ್ಕಾರ ‘ಆಸರೆ’ ಎಂಬ ಹೆಸರಿನಲ್ಲಿ ಪುನರ್ವಸತಿ ಯೋಜನೆಯನ್ನು ಕೈಗೊಂಡಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ರೋಣ, ನರಗುಂದ ಭಾಗದ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿದಾಗ ಅದೇ ಪ್ರಶ್ನೆ ಮರುಕಳಿಸಿತು. ಗೋಡೆ ಬೇಗ ಏಳಬೇಕು, ನೀರಿಗೆ ಕರಗಬಾರದು, ಮತ್ತು ವಾಸಿಸುವವರ ಕಣ್ಣಿಗೆ ಅದು ಗೋದಾಮಿನ ಗೋಡೆಯಂತೆ ಕಾಣಬಾರದು.

ಈ ಮೂರೂ ಬೇಡಿಕೆಗಳಿಗೆ ಒಟ್ಟಿಗೆ ಉತ್ತರವೆಂದು ಇತ್ತೀಚಿನ ವರ್ಷಗಳಲ್ಲಿ ಮುಂದಿಡಲಾಗುತ್ತಿರುವ ವಿಧಾನಗಳಲ್ಲಿ ಒಂದು, ತೆಳು ಇಟ್ಟಿಗೆಯನ್ನು ಕಾರ್ಖಾನೆಯಲ್ಲಿಯೇ ಕಾಂಕ್ರೀಟ್ ಫಲಕದ ಮುಖಕ್ಕೆ ಎರಕ ಹೊಯ್ಯುವುದು. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಇದು ನೆಲೆಯೂರಿದ ಉದ್ಯಮ. ನಮ್ಮಲ್ಲಿ ಪೂರ್ವನಿರ್ಮಿತ ಕಾಂಕ್ರೀಟು ಹೊಸದೇನಲ್ಲ. ಬೆಂಗಳೂರಿನ ಮೆಟ್ರೋ ಮೇಲ್ಸೇತುವೆಗಳನ್ನು ಬೇರೆಡೆ ಎರಕ ಹೊಯ್ದ ಖಂಡಗಳನ್ನು ಜೋಡಿಸಿಯೇ ಕಟ್ಟಲಾಯಿತು. ಆದರೆ ಇಟ್ಟಿಗೆಮುಖದ ಫಲಕ ಇಲ್ಲಿನ್ನೂ ವ್ಯಾಪಕವಾಗಿ ಬೇರೂರಿಲ್ಲ. ಅದು ಹೇಗೆ ಸಿದ್ಧವಾಗುತ್ತದೆ, ಎಲ್ಲಿ ಕೆಡುತ್ತದೆ, ನಮ್ಮ ಭಟ್ಟಿಯ ಇಟ್ಟಂಗಿ ಅದಕ್ಕೆ ಒದಗುವುದೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮುಖ ಮತ್ತು ಒಡಲು

ಗೋಡೆಗೆ ಒಂದು ಮುಖ, ಒಂದು ಒಡಲು ಎಂಬ ವಿಂಗಡಣೆ ಕಾಂಕ್ರೀಟು ಯುಗದ್ದಲ್ಲ. ರೋಣ, ಸೂಡಿ, ಸವಡಿಗಳ ಸುತ್ತಣ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳನ್ನು ನೋಡುವವರ ಕಣ್ಣಿಗೆ ಬೀಳುವುದು ನಯವಾಗಿ ಕೆತ್ತಿದ ಹೊರಗಲ್ಲು. ಆ ಕಾಲದ ಗುಡಿಗೋಡೆಗಳಲ್ಲಿ ಸಾಮಾನ್ಯವಾಗಿ ಹೊರಮೈಗೊಂದು, ಒಳಮೈಗೊಂದು ಕಲ್ಲುಸಾಲು ನಿಲ್ಲಿಸಿ ನಡುವಿನ ತೆರವನ್ನು ಒರಟು ಕಲ್ಲಿನಿಂದ ತುಂಬುತ್ತಿದ್ದರು. ಹೊರಗಲ್ಲು ಕಳಚಿಬಿದ್ದ ಜೀರ್ಣ ಗುಡಿಗಳಲ್ಲಿ ಈ ತುಂಬುಗಲ್ಲು ಬಯಲಾಗಿರುವುದನ್ನು ಇಂದಿಗೂ ಕಾಣಬಹುದು. ಮುಖ ಒಡಲನ್ನು ಬಿಟ್ಟು ಕಳಚಿಕೊಳ್ಳುವುದು ಈ ಬಗೆಯ ಗೋಡೆಗಳ ಹಳೆಯ ಕಾಯಿಲೆ. ಇಟ್ಟಿಗೆಮುಖದ ಕಾಂಕ್ರೀಟ್ ಫಲಕವೂ ಇದೇ ಜಾತಿಗೆ ಸೇರಿದ್ದು. ಆದ್ದರಿಂದ ಅದರ ವಿಚಾರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಚೆಲುವಿನದ್ದಲ್ಲ, ಹಿಡಿತದ್ದು.

ಇಟ್ಟಿಗೆಯನ್ನೂ ಕಾಂಕ್ರೀಟನ್ನೂ ಒಂದೇ ಅಚ್ಚಿನಲ್ಲಿ ಕೂಡಿಸುವ ಕೆಲಸ ನಮ್ಮ ದೇಶದಲ್ಲಿ ಚಾವಣಿಯ ಮೂಲಕ ಪರಿಚಿತವಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಇಟ್ಟಿಗೆ ಫಲಕದ ಚಾವಣಿಯಲ್ಲಿ ಮೊದಲ ದರ್ಜೆಯ ಇಟ್ಟಿಗೆಗಳನ್ನು ಅಚ್ಚಿನೊಳಗೆ ಸಾಲಾಗಿಟ್ಟು, ಸಂದಿಯಲ್ಲಿ 6 ಮಿ.ಮೀ. ದಪ್ಪದ ಎರಡು ಸರಳುಗಳನ್ನು ಹಾಯಿಸಿ, 1:3ರ ಸಿಮೆಂಟ್ ಗಾರೆಯನ್ನೋ ಸಣ್ಣ ಜಲ್ಲಿಯ ಕಾಂಕ್ರೀಟನ್ನೋ ತುಂಬುತ್ತಾರೆ. ಫಲಕದ ಅಗಲ ಸಾಮಾನ್ಯವಾಗಿ 530 ಮಿ.ಮೀ.; ಉದ್ದ 900ರಿಂದ 1200 ಮಿ.ಮೀ. ಇದಕ್ಕೆ 1994ರಲ್ಲಿಯೇ ಐಎಸ್ 14142, ಐಎಸ್ 14143 ಎಂಬ ಭಾರತೀಯ ಮಾನಕಗಳು ಬಂದವು. ಕೇರಳದ ಕೊಲ್ಲಂನಲ್ಲಿ ಮೊದಲಾದ ನಿರ್ಮಿತಿ ಕೇಂದ್ರದ ಕಲ್ಪನೆ ಕರ್ನಾಟಕದ ಜಿಲ್ಲೆಗಳಿಗೂ ಹಬ್ಬಿದ ಮೇಲೆ ಕಡಿಮೆ ವೆಚ್ಚದ ಇಂಥ ವಿಧಾನಗಳಿಗೆ ಸರ್ಕಾರಿ ಕಟ್ಟಡಗಳಲ್ಲಿ ಒಂದಿಷ್ಟು ಜಾಗ ಸಿಕ್ಕಿತು. ಆ ಚಾವಣಿಫಲಕದಲ್ಲಿ ಇಟ್ಟಿಗೆಯೇ ಒಡಲು. ಒತ್ತಡದ ಒಂದು ಪಾಲನ್ನು ಅದು ಹೊರುತ್ತದೆ. ನಾವು ಇಲ್ಲಿ ಚರ್ಚಿಸುತ್ತಿರುವ ಗೋಡೆಫಲಕದಲ್ಲಿ ಹಾಗಲ್ಲ. ಭಾರ ಹೊರುವುದು ಕಾಂಕ್ರೀಟು. ಇಟ್ಟಿಗೆ ಬರಿಯ ಹೊರಮೈ.

ಎರಕದ ಕ್ರಮ

ಕೆಲಸ ಆರಂಭವಾಗುವುದು ಮಟ್ಟಸವಾದ ಉಕ್ಕಿನ ಮೇಜಿನ ಮೇಲೆ. ಅದರ ಮೇಲೆ ಹಾಸುವ, ಉಬ್ಬುತಗ್ಗುಗಳುಳ್ಳ ಹಾಳೆಗೆ ಉದ್ಯಮದಲ್ಲಿ ಫಾರ್ಮ್ ಲೈನರ್ ಎಂಬ ಹೆಸರಿದೆ. ಈ ಪ್ರಬಂಧದಲ್ಲಿ ಅದನ್ನು ಅಚ್ಚುಹಾಸು ಎಂದು ಕರೆಯಲಾಗಿದೆ. ಪಾಲಿಯುರಿಥೇನ್ ರಬ್ಬರಿನ ಅಚ್ಚುಹಾಸು ದುಬಾರಿ, ಆದರೆ ಜೋಪಾನವಾಗಿ ಬಳಸಿದರೆ ನೂರರ ಸುಮಾರು ಎರಕಗಳಿಗೆ ಬರುತ್ತದೆ. ತೆಳುವಾದ ಪ್ಲಾಸ್ಟಿಕ್ಕಿನದು ಅಗ್ಗ. ಒಂದೆರಡು ಬಾರಿಗೋ ಕೆಲವೇ ಬಾರಿಗೋ ಅದರ ಆಯುಸ್ಸು ಮುಗಿಯುತ್ತದೆ. ಎರಡರಲ್ಲಿಯೂ ತತ್ತ್ವ ಒಂದೇ. ಹಾಸಿನ ಮೇಲೆ ಅಡ್ಡಲಾಗಿ, ಉದ್ದಲಾಗಿ ಸಣ್ಣ ಏಣುಗಳು ಎದ್ದಿರುತ್ತವೆ. ನಾಲ್ಕು ಏಣುಗಳ ನಡುವಿನ ಗುಳಿಯೇ ಒಂದು ಇಟ್ಟಿಗೆಯ ಮನೆ. ಏಣೇ ಮುಂದೆ ಗಾರೆಯ ಸಂದಾಗಿ ಕಾಣುವ ತಗ್ಗು.

ಇಟ್ಟಿಗೆಯನ್ನು ಈ ಗುಳಿಯಲ್ಲಿ ಮುಖ ಕೆಳಗೆ ಮಾಡಿ ಕೂರಿಸುತ್ತಾರೆ. ಗೋಡೆ ಕಟ್ಟುವ ಗೌಂಡಿಗೆ ಇದು ತಲೆಕೆಳಗಾದ ಕೆಲಸ. ಅವನು ನೋಡುತ್ತ ಕಟ್ಟುವ ಮುಖವನ್ನು ಇಲ್ಲಿ ಕಡೆಯವರೆಗೂ ಯಾರೂ ಕಾಣುವುದಿಲ್ಲ. ಸಾಲುಗಳೆಲ್ಲ ತುಂಬಿದ ಮೇಲೆ ಸರಳಿನ ಬಲೆಯನ್ನು ಇಟ್ಟಿಗೆಯ ಬೆನ್ನಿಗೆ ತಾಗದಂತೆ ಎತ್ತರಿಸಿಟ್ಟು, ಎತ್ತುವ ಕೊಂಡಿಗಳನ್ನೂ ಚೌಕಟ್ಟಿಗೆ ಬೆಸೆಯುವ ತಗಡುಗಳನ್ನೂ ಅವವುಗಳ ಸ್ಥಾನದಲ್ಲಿ ಕಟ್ಟಿ, ಸಣ್ಣ ಜಲ್ಲಿಯ ಕಾಂಕ್ರೀಟನ್ನು ಸುರಿಯುತ್ತಾರೆ. 15 ಮಿ.ಮೀ. ದಪ್ಪದ ಇಟ್ಟಿಗೆಗೆ 6 ಮಿ.ಮೀ. ಎತ್ತರದ ಏಣು ಇದ್ದರೆ, ಉಳಿದ 9 ಮಿ.ಮೀ. ಆಳದ ಸಂದಿಗೆ ಕಾಂಕ್ರೀಟು ತಾನಾಗಿ ಇಳಿದು ನಾಲ್ಕೂ ಕಡೆಯಿಂದ ಇಟ್ಟಿಗೆಯನ್ನು ತಬ್ಬಬೇಕು. ಸಂದಿನ ಅಗಲ 10 ಮಿ.ಮೀ. ಮಾತ್ರವಾದ್ದರಿಂದ ದಪ್ಪ ಜಲ್ಲಿ ಅಲ್ಲಿ ಸಿಕ್ಕಿಕೊಂಡರೆ ಕೆಳಗೆ ಪೊಳ್ಳು ಉಳಿಯುತ್ತದೆ. ಕಂಪನ ಕೊಡುವಾಗಲೂ ಅಳತೆ ಬೇಕು. ಹೆಚ್ಚಾದರೆ ಇಟ್ಟಿಗೆ ಮನೆಯಿಂದ ಎದ್ದು ವಾಲುತ್ತದೆ, ಕಡಿಮೆಯಾದರೆ ಬೆನ್ನಿನಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಕಂಪಕದ ಕೋಲನ್ನು ಇಟ್ಟಿಗೆಯ ಬೆನ್ನಿಗೆ ತಾಗಿಸುವುದಂತೂ ಸಲ್ಲದು.

ಎತ್ತುವ ಒತ್ತಡವನ್ನು ತಾಳುವಷ್ಟು ಬಲ ಬಂದ ಮೇಲೆ, ಸಾಮಾನ್ಯವಾಗಿ ಮರುದಿನ, ಫಲಕವನ್ನು ಹಾಸಿನಿಂದ ಬಿಡಿಸಿ ನಿಲ್ಲಿಸುತ್ತಾರೆ. ಆಗ ಮೊದಲ ಬಾರಿಗೆ ಮುಖದ ದರ್ಶನ. ಇಟ್ಟಿಗೆಯ ಮುಖಕ್ಕೆ ಮುಂಚೆಯೇ ತೆಳುವಾಗಿ ಮೇಣ ಸವರಿರುವುದರಿಂದ, ಅಲ್ಲಲ್ಲಿ ಸೋರಿ ಬಂದ ಸಿಮೆಂಟಿನ ಹಾಲು ಅದಕ್ಕೆ ಕಚ್ಚಿರುವುದಿಲ್ಲ. ಬಿಸಿನೀರನ್ನು ಒತ್ತಡದಿಂದ ಹಾಯಿಸಿದಾಗ ಮೇಣ ಕರಗಿ, ಕಲೆಯೂ ಜೊತೆಗೆ ತೊಳೆದುಹೋಗುತ್ತದೆ. ಮೇಣ ಬೆನ್ನಿಗೆ ತಾಗಿದ್ದರೆ ಮಾತ್ರ ಆ ಇಟ್ಟಿಗೆಗೆ ಹಿಡಿತವೇ ಇಲ್ಲವಾಗುತ್ತದೆ.

ಒಂದು ಅಂದಾಜು ಲೆಕ್ಕ. ಭಾರತೀಯ ಮಾನಕದ 190 × 90 ಮಿ.ಮೀ. ಮುಖದ ಇಟ್ಟಿಗೆಗೆ 10 ಮಿ.ಮೀ. ಸಂದು ಸೇರಿದರೆ ಒಂದು ಚದರ ಮೀಟರಿಗೆ ಸರಿಯಾಗಿ 50 ಇಟ್ಟಿಗೆ ಹಿಡಿಯುತ್ತವೆ. 90 ಮಿ.ಮೀ. ದಪ್ಪದ ಪೂರ್ಣ ಇಟ್ಟಿಗೆಯ ಬದಲಿಗೆ 15 ಮಿ.ಮೀ. ದಪ್ಪದ್ದನ್ನು ಬಳಸಿದಾಗ ಬೇಕಾಗುವ ಜೇಡಿಮಣ್ಣು ಆರನೆಯ ಒಂದು ಪಾಲು. ಒಳ್ಳೆಯ ಇಟ್ಟಿಗೆಮಣ್ಣು ವಿರಳವಾದ ಎರೆಸೀಮೆಗೆ ಇದು ಸಣ್ಣ ಮಾತಲ್ಲ.

ಅರ್ಧ ಕಿಲೋ ಇಟ್ಟಿಗೆಗೆ ಟನ್ನುಗಟ್ಟಲೆ ಹಿಡಿತವೇಕೆ

ಅಮೆರಿಕದ ಪ್ರೀಕಾಸ್ಟ್–ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ (ಪಿಸಿಐ) ಈ ಬಗೆಯ ತೆಳು ಇಟ್ಟಿಗೆಗೆ ತನ್ನದೇ ಆದ ಮಾನಕವನ್ನು ರೂಪಿಸಿದೆ. ಅದರ ಪ್ರಕಾರ ಇಟ್ಟಿಗೆಗೂ ಕಾಂಕ್ರೀಟಿಗೂ ನಡುವಣ ಹಿಡಿತ, ಎಳೆದು ಪರೀಕ್ಷಿಸಿದಾಗ, ಚದರ ಅಂಗುಲಕ್ಕೆ 150 ಪೌಂಡಿಗೆ ಕಡಿಮೆಯಿರಬಾರದು; ನಮ್ಮ ಲೆಕ್ಕದಲ್ಲಿ ಚದರ ಮಿಲಿಮೀಟರಿಗೆ ಸುಮಾರು 1 ನ್ಯೂಟನ್. 190 × 90 ಮಿ.ಮೀ. ಬೆನ್ನುಳ್ಳ ಒಂದು ಇಟ್ಟಿಗೆಗೆ ಇದನ್ನು ಅನ್ವಯಿಸಿದರೆ ಅದನ್ನು ಕೀಳಲು ಸುಮಾರು 1.7 ಟನ್ನಿನಷ್ಟು ಎಳೆತ ಬೇಕಾಗುತ್ತದೆ. ಆ ಇಟ್ಟಿಗೆಯ ತೂಕವಾದರೋ ಅರ್ಧ ಕಿಲೋಗ್ರಾಮಿಗೂ ಸ್ವಲ್ಪ ಕಡಿಮೆ! ಇಷ್ಟು ಅತಿರೇಕದ ಹಿಡಿತ ಯಾಕೆ ಬೇಕೆಂದು ಓದುಗರಿಗೆ ಅನಿಸುವುದು ಸಹಜ.

ಕಾರಣ ತೂಕದಲ್ಲಿಲ್ಲ, ಎರಡು ವಸ್ತುಗಳ ಸ್ವಭಾವಭೇದದಲ್ಲಿದೆ. ಕಾಂಕ್ರೀಟು ಒಣಗುತ್ತ ಹೋದಂತೆ ಕುಗ್ಗುತ್ತದೆ. ಒಂದು ಮೀಟರಿಗೆ 0.3ರಿಂದ 0.5 ಮಿ.ಮೀ.ನಷ್ಟು ಕುಗ್ಗುವಿಕೆ ಸಾಮಾನ್ಯ. 6 ಮೀಟರಿನ ಫಲಕದಲ್ಲಿ ಅದು ಎರಡು ಮೂರು ಮಿಲಿಮೀಟರಿಗೆ ಮುಟ್ಟುತ್ತದೆ. ಸುಟ್ಟ ಇಟ್ಟಿಗೆಯ ಬಾಳು ಇದಕ್ಕೆ ತದ್ವಿರುದ್ಧ. ಭಟ್ಟಿಯಿಂದ ಹೊರಬಿದ್ದ ಕ್ಷಣದಲ್ಲಿ ಅದು ಅತ್ಯಂತ ಒಣಗಿದ, ಅತ್ಯಂತ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಆಮೇಲೆ ಗಾಳಿಯ ತೇವವನ್ನು ಹೀರಿ ವರ್ಷಗಳವರೆಗೆ ಬಲು ನಿಧಾನವಾಗಿ ಹಿಗ್ಗುತ್ತದೆ, ಹಾಗೆ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಹೀಗೆ ಒಡಲು ಒಳಕ್ಕೆ ಎಳೆಯುತ್ತಿರುವಾಗ ಮುಖ ಹೊರಕ್ಕೆ ಚಾಚುತ್ತಿರುತ್ತದೆ. ಇದರ ಮೇಲೆ ಬಿಸಿಲಿನ ಆಟ ಬೇರೆ. ಒಂದೇ ಪ್ರಮಾಣದ ಉಷ್ಣಕ್ಕೆ ಕಾಂಕ್ರೀಟು ಹಿಗ್ಗುವುದರ ಸುಮಾರು ಅರ್ಧದಷ್ಟು ಮಾತ್ರ ಜೇಡಿಯ ಇಟ್ಟಿಗೆ ಹಿಗ್ಗುತ್ತದೆ. ಈ ಎಲ್ಲ ಜಗಳವೂ ನಡೆಯುವುದು ಇಟ್ಟಿಗೆಯ ಬೆನ್ನಿನ ಒಂದು ಪದರದಲ್ಲಿ, ಅದರಲ್ಲಿಯೂ ಇಟ್ಟಿಗೆಯ ಅಂಚುಗಳಲ್ಲಿ. ಹಿಡಿತ ಸಾಕಷ್ಟಿದ್ದರೆ ಇಡೀ ಫಲಕ ಕಣ್ಣಿಗೆ ಕಾಣದಷ್ಟು ಬಿಲ್ಲಿನಂತೆ ಬಾಗಿ ಸುಮ್ಮನಾಗುತ್ತದೆ. ಹಿಡಿತ ಸಾಲದಿದ್ದರೆ ಅಂಚಿನಿಂದ ಕೂದಲೆಳೆಯ ಬಿರುಕು ಒಳಗೆ ಸಾಗಿ, ಕೆಲವು ಮಳೆಗಾಲಗಳ ನಂತರ ಇಟ್ಟಿಗೆ ಕಳಚುತ್ತದೆ. ಮೂರನೆಯ ಅಂತಸ್ತಿನಿಂದ ಬೀಳುವ ಅರ್ಧ ಕಿಲೋ ಇಟ್ಟಿಗೆ ಕೆಳಗೆ ನಡೆಯುವವರ ಪ್ರಾಣಕ್ಕೆ ಸಾಕು.

ಹಿಡಿತ ದೊರೆಯುವುದು ಎರಡು ದಾರಿಯಲ್ಲಿ. ಮೊದಲನೆಯದು ಆಕಾರದ್ದು. ಇಟ್ಟಿಗೆಯ ಬೆನ್ನಿನಲ್ಲಿ ಒಳಗೆ ಅಗಲವಾಗಿ ಬಾಯಿ ಕಿರಿದಾಗಿರುವ ಗಾಡಿಗಳನ್ನು ಬಿಟ್ಟಿರುತ್ತಾರೆ. ಬಡಗಿಗಳು ಮರದ ಮೂಲೆ ಸೇರಿಸುವಾಗ ಪಾರಿವಾಳದ ಬಾಲದಂತೆ ಕೊರೆಯುವ ಕಚ್ಚಿನ ಹಾಗೆ. ಕಾಂಕ್ರೀಟು ಅದರೊಳಗೆ ಹೊಕ್ಕು ಗಟ್ಟಿಯಾದ ಮೇಲೆ ಮುರಿಯದೆ ಹೊರಬರಲಾರದು. ಎರಡನೆಯದು ಹೀರಿಕೆಯದ್ದು, ನಮ್ಮ ಗೌಂಡಿಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಒಣ ಇಟ್ಟಂಗಿಯನ್ನು ಹಾಗೆಯೇ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಕುಡಿದು ಸಂದು ಪುಡಿಯಾಗುತ್ತದೆಂದು ಅವರು ಇಟ್ಟಂಗಿಯನ್ನು ಮುಂಚೆಯೇ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಫಲಕದಲ್ಲಿಯೂ ಕಾಯಿದೆ ಅದೇ, ಆದರೆ ಒದ್ದೆ ಹೆಚ್ಚಾಗಿ ಬೆನ್ನಿನ ಮೇಲೆ ನೀರಿನ ಪೊರೆ ನಿಂತರೂ ಹಿಡಿತ ಕೆಡುತ್ತದೆ. ಈ ಇಕ್ಕಟ್ಟನ್ನು ತಪ್ಪಿಸಲೆಂದೇ ಪಿಸಿಐ ಮಾನಕ, ಒಂದು ಹಗಲು ಒಂದು ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿದಾಗ ಇಟ್ಟಿಗೆ ಹೀರುವ ನೀರು ಅದರ ತೂಕದ ಶೇ. 6ನ್ನು ಮೀರಬಾರದೆಂದು ಹೇಳುತ್ತದೆ. ಸಾಮಾನ್ಯ ಇಟ್ಟಿಗೆಗೆ ನಮ್ಮ ಐಎಸ್ 1077 ಮಾನಕ ಶೇ. 20ರವರೆಗೂ, ಹೆಚ್ಚಿನ ದರ್ಜೆಯದಕ್ಕೆ ಶೇ. 15ರವರೆಗೂ ಬಿಟ್ಟುಕೊಟ್ಟಿದೆ. ಎರಡೂ ಮಾನಕಗಳ ಉದ್ದೇಶ ಬೇರೆ ಬೇರೆ ಎಂಬುದು ನಿಜ. ಆದರೂ ಅಂತರ ಗಮನಾರ್ಹ.

ಅಳತೆಯ ಕಟ್ಟುನಿಟ್ಟು

ಈ ಲೇಖಕನ ದೃಷ್ಟಿಯಲ್ಲಿ ಇಡೀ ವಿಧಾನದ ಗಂಟು ಇರುವುದು ಇಲ್ಲಿ. ಅಚ್ಚುಹಾಸನ್ನು ಅಲಂಕಾರದ ಸಾಧನವೆಂದು ಪರಿಚಯಿಸುವವರೇ ಹೆಚ್ಚು. ವಾಸ್ತವವಾಗಿ ಅದೊಂದು ಅಳತೆಗೋಲು. ಭಟ್ಟಿಯಲ್ಲಿ ಆದ ತಪ್ಪನ್ನು ಗೌಂಡಿ ತನ್ನ ಕರಣೆಯಿಂದ ಸರಿದೂಗಿಸಬಲ್ಲ: ಉದ್ದದ ಇಟ್ಟಿಗೆಗೆ ಸಂದು ಕಿರಿದು, ಗಿಡ್ಡ ಇಟ್ಟಿಗೆಗೆ ಸಂದು ಹಿರಿದು. ರಬ್ಬರಿನ ಏಣಿಗೆ ಈ ದಾಕ್ಷಿಣ್ಯವಿಲ್ಲ. ಗುಳಿಗಿಂತ ಇಟ್ಟಿಗೆ ಒಂದು ಮಿಲಿಮೀಟರು ದೊಡ್ಡದಾದರೆ ಅದು ಕೂರುವುದಿಲ್ಲ, ಬಲವಂತವಾಗಿ ಒತ್ತಿದರೆ ಪಕ್ಕದ ಮನೆಯನ್ನು ಕಿರಿದು ಮಾಡುತ್ತದೆ. ಎರಡು ಮೂರು ಮಿಲಿಮೀಟರು ಚಿಕ್ಕದಾದರೆ ಸುತ್ತಲಿನ ಸಂದಿನಿಂದ ಸಿಮೆಂಟಿನ ಹಾಲು ಇಳಿದು ಮುಖವನ್ನು ಆವರಿಸುತ್ತದೆ, ಇಟ್ಟಿಗೆ ಸೊಟ್ಟಗೆ ನಿಲ್ಲುತ್ತದೆ. ಆದ್ದರಿಂದಲೇ ಪಿಸಿಐ ಮಾನಕ 8 ಅಂಗುಲದವರೆಗಿನ ಅಳತೆಯಲ್ಲಿ ಹೆಚ್ಚಳಕ್ಕೆ ಅವಕಾಶವನ್ನೇ ಕೊಡದೆ, ಕಡಿಮೆಯಾಗುವುದಕ್ಕೆ ಮಾತ್ರ ಅಂಗುಲದ ಹದಿನಾರನೆಯ ಒಂದು ಭಾಗದ, ಅಂದರೆ ಸುಮಾರು 1.6 ಮಿ.ಮೀ.ನ, ಸಡಿಲಿಕೆ ನೀಡಿದೆ.

ಐಎಸ್ 1077ರಲ್ಲಿ ಅಳೆಯುವ ಕ್ರಮವೇ ಬೇರೆ. ಇಪ್ಪತ್ತು ಇಟ್ಟಿಗೆಗಳನ್ನು ಸಾಲಾಗಿಟ್ಟು ಒಟ್ಟು ಉದ್ದ 3720ರಿಂದ 3880 ಮಿ.ಮೀ.ಗಳ ನಡುವೆ ಇದ್ದರೆ ಸಾಕು. ಸರಾಸರಿಯಲ್ಲಿ ಒಂದೊಂದು ಇಟ್ಟಿಗೆಗೆ ಅತ್ತಿತ್ತ 4 ಮಿ.ಮೀ. ಸಡಿಲಿಕೆಯಾಯಿತು; ಅದೂ ಸರಾಸರಿ, ಸಾಲಿನೊಳಗೆ ಒಂದು ಉದ್ದ ಒಂದು ಗಿಡ್ಡ ಇದ್ದರೂ ಮೊತ್ತ ಸರಿಹೋಗುತ್ತದೆ. ಗಾರೆಯಿಂದ ಕಟ್ಟುವ ಗೋಡೆಗೆ ಇದು ಯುಕ್ತವಾದ ಕ್ರಮವೇ. ಅಚ್ಚುಹಾಸಿಗೆ ಸರಾಸರಿ ಎಂಬುದು ತಿಳಿಯದು. ಪ್ರತಿಯೊಂದು ಇಟ್ಟಿಗೆಯೂ ತನ್ನ ಮನೆಗೆ ತಾನೇ ಹೊಂದಬೇಕು.

ಭಟ್ಟಿಯಲ್ಲಿ ಈ ನಿಖರತೆ ಯಾಕೆ ಕಷ್ಟ ಎಂಬುದಕ್ಕೆ ಮಣ್ಣಿನ ಗುಣವೇ ಉತ್ತರ. ಹಸಿ ಇಟ್ಟಿಗೆ ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಎರಡೂ ಸೇರಿ ಶೇ. 8ರಿಂದ 12ರಷ್ಟಾಗುವುದು ಸಾಮಾನ್ಯ. 190 ಮಿ.ಮೀ. ಇಟ್ಟಿಗೆ ಬೇಕಾದರೆ ಅಚ್ಚು 208 ಮಿ.ಮೀ. ಆಸುಪಾಸಿನಲ್ಲಿ ಇರಬೇಕಾಗುತ್ತದೆ. ಒಂದು ಗಾಡಿ ಮಣ್ಣಿಗೂ ಇನ್ನೊಂದು ಗಾಡಿಗೂ, ಭಟ್ಟಿಯ ನಡುವಿಗೂ ಅಂಚಿಗೂ ಈ ಕುಗ್ಗುವಿಕೆಯಲ್ಲಿ ಶೇ. 1ರಷ್ಟು ವ್ಯತ್ಯಾಸವಾದರೂ ಸಾಕು, 2 ಮಿ.ಮೀ. ಏರುಪೇರು, ಪಿಸಿಐ ಕೊಟ್ಟ ಸಡಿಲಿಕೆ ಅಲ್ಲಿಗೇ ಮುಗಿಯಿತು. ಎರೆಮಣ್ಣಿನ ಗತಿ ಇನ್ನೂ ಕಠಿಣ. ಮಾಂಟ್‌ಮೊರಿಲೊನೈಟ್ ಜಾತಿಯ ಅದರ ಜೇಡಿ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಸವಡಿಯ ಹೊಲದಲ್ಲಿ ಕಾಲು ಇಳಿಯುವಷ್ಟು ಬಿಡುವ ಬಿರುಕೇ ಹಸಿ ಇಟ್ಟಂಗಿಯಲ್ಲಿ ಕೂದಲೆಳೆಯಾಗಿ ಕಾಣಿಸುತ್ತದೆ. ಮರಳು, ಬೂದಿ ಅಥವಾ ಮಸಾರಿ ಮಣ್ಣು ಬೆರೆಸಿ ಇದನ್ನು ತಕ್ಕಮಟ್ಟಿಗೆ ಪಳಗಿಸಬಹುದು. ಮಿಲಿಮೀಟರಿನ ನಿಯಮಕ್ಕೆ ಒಗ್ಗಿಸುವುದು ಸುಲಭವಲ್ಲ. ಇದರೊಂದಿಗೆ ಉಪ್ಪಿನ ತೊಂದರೆಯೂ ಇದೆ. ಎರೆಸೀಮೆಯ ಬಾವಿನೀರು ಹಲವೆಡೆ ಸವಳು. ಅದನ್ನು ಮಣ್ಣು ಕಲಸಲು ಬಳಸಿದರೂ ಕಾಂಕ್ರೀಟಿಗೆ ಬಳಸಿದರೂ ಗೋಡೆಯ ಮುಖದಲ್ಲಿ ಬಿಳಿಯ ಉಪ್ಪು ಅರಳುತ್ತದೆ. ಗಿಲಾವಿಲ್ಲದ ಇಟ್ಟಿಗೆಮುಖಕ್ಕೆ ಇದಕ್ಕಿಂತ ದೊಡ್ಡ ಕಳಂಕವಿಲ್ಲ.

ಹಾಗಾದರೆ ತೆಳು ಇಟ್ಟಿಗೆ ಎಲ್ಲಿಂದ ಬರಬೇಕು? ಮೂರು ದಾರಿಗಳಿವೆ. ಪೂರ್ಣ ಇಟ್ಟಿಗೆಯ ಎರಡು ಮುಖಗಳನ್ನು ವಜ್ರದ ಗರಗಸದಿಂದ ಸೀಳಿ ತೆಗೆಯುವುದು ಒಂದು. ನಡುವಿನ ಭಾಗ ವ್ಯರ್ಥವಾಗುತ್ತದೆ, ಮಣ್ಣು ಉಳಿಸಿದೆವೆಂಬ ಮಾತಿಗೆ ಅರ್ಥವಿಲ್ಲವಾಗುತ್ತದೆ. ತೆಳುವಾಗಿಯೇ ಒತ್ತಿ ತೆಗೆಯುವುದು ಇನ್ನೊಂದು. ಮೂರನೆಯದು ಯಂತ್ರದ ಬಾಯಿಂದ ಎರಡು ಹಲ್ಲೆಗಳನ್ನು ಬೆನ್ನಿಗೆ ಬೆನ್ನು ಅಂಟಿದಂತೆ ಹೊರಡಿಸಿ, ಸುಟ್ಟ ಮೇಲೆ ಸೀಳುವುದು. ಬೆನ್ನಿನ ಗಾಡಿಗಳು ಯಂತ್ರದ ಬಾಯಲ್ಲಿಯೇ ತಾವಾಗಿ ಮೂಡುತ್ತವೆ, ಜೋಡಿಯಾಗಿ ಸುಡುವುದರಿಂದ ಸೊಟ್ಟಾಗುವುದೂ ಕಡಿಮೆ. ಕರ್ನಾಟಕಕ್ಕೆ ಹತ್ತಿರವಾದದ್ದು ಎರಡನೆಯದು ಮತ್ತು ಮೂರನೆಯದು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಮೊದಲಾಗಿ, ಒಂದರ ಕಚ್ಚು ಇನ್ನೊಂದಕ್ಕೆ ತಪ್ಪದೆ ಕೂರುವಂಥ ತೆಳು ಜೇಡಿಹಲ್ಲೆಯನ್ನು ಸಾವಿರಗಟ್ಟಲೆ ತೆಗೆಯುವ ವಿದ್ಯೆ ಕರಾವಳಿಯಲ್ಲಿ ಒಂದೂವರೆ ಶತಮಾನದಿಂದ ಇದೆ. ಕಾಂಕ್ರೀಟ್ ಚಾವಣಿ ಬಂದ ಮೇಲೆ ಆ ಕಾರ್ಖಾನೆಗಳಲ್ಲಿ ಹಲವು ಮುಚ್ಚಿಹೋದವು. ಹೆಂಚನ್ನು ಮೂಲೆಗೆ ತಳ್ಳಿದ ಕಾಂಕ್ರೀಟಿನ ಮುಖಕ್ಕೇ ಆ ವಿದ್ಯೆ ಈಗ ಬೇಕಾಗಿರುವುದು ಒಂದು ವಿಪರ್ಯಾಸ. ಇತ್ತ ಮಾಲೂರಿನ ಸುತ್ತಮುತ್ತ ತಂತಿಯಿಂದ ಕತ್ತರಿಸುವ ಯಂತ್ರದ ಇಟ್ಟಿಗೆಗಳೂ, ಕುಣಿಗಲ್ಲಿನಲ್ಲಿ ಟೊಳ್ಳು ಜೇಡಿಗಟ್ಟಿಗಳೂ ತಯಾರಾಗುತ್ತವೆ. ಅಳತೆಯ ಶಿಸ್ತು ಈ ನೆಲೆಗಳಿಂದ ಬರಬಹುದೇ ಹೊರತು ಹೊಲದಂಚಿನ ಭಟ್ಟಿಯಿಂದಲ್ಲ.

ಮೂಲೆ, ಸಂದು ಮತ್ತು ಬಿಸಿಲು

ಮುಖದ ನಡುವಿಗಿಂತ ಅಂಚಿನಲ್ಲಿ ಈ ಫಲಕದ ಗುಟ್ಟು ಬೇಗ ಬಯಲಾಗುತ್ತದೆ. ಎರಡು ಫಲಕಗಳು ಕೂಡುವ ಹೊರಮೂಲೆಯಲ್ಲಿ 15 ಮಿ.ಮೀ. ಹಲ್ಲೆಯ ಅಂಚು ಕಂಡರೆ ಇಟ್ಟಿಗೆಗೋಡೆಯೆಂಬ ಭಾವನೆ ಅಲ್ಲಿಗೆ ಮುಗಿಯಿತು. ಅದಕ್ಕಾಗಿ ಎರಡೂ ಕಡೆ ತಿರುಗುವ ಮೂಲೆಯ ತುಣುಕುಗಳನ್ನು ಪ್ರತ್ಯೇಕವಾಗಿ ತಯಾರಿಸಬೇಕಾಗುತ್ತದೆ. ಕಿಟಕಿ ಬಾಗಿಲುಗಳ ಅಳತೆಯೂ 200 ಮತ್ತು 100 ಮಿ.ಮೀ.ಗಳ ಗುಣಕಗಳಲ್ಲಿ ಬರುವಂತೆ ನಕ್ಷೆಯಲ್ಲಿಯೇ ನಿರ್ಧರಿಸಬೇಕು. ಕಟ್ಟುವಾಗ ನೋಡಿಕೊಳ್ಳೋಣ ಎಂಬ ಮಾತಿಗೆ ಇಲ್ಲಿ ಸ್ಥಳವಿಲ್ಲ. ಫಲಕ ಫಲಕಗಳ ನಡುವಣ ಸಂದು ಸುಮಾರು 20 ಮಿ.ಮೀ. ಇರುವುದರಿಂದ 10 ಮಿ.ಮೀ. ಸಂದುಗಳ ನಡುವೆ ಅದು ಎದ್ದು ಕಾಣುತ್ತದೆ. ಜಾಣ ವಿನ್ಯಾಸಕರು ಅದನ್ನು ಕಂಬದ ಮಗ್ಗುಲಿಗೋ ಮಳೆನೀರಿನ ಕೊಳವೆಯ ಹಿಂದಕ್ಕೋ ಸರಿಸುತ್ತಾರೆ.

ಫಲಕಗಳನ್ನು ಒಂದಕ್ಕೊಂದು ಬಿಗಿಯುವ ಜೋಡಣೆ ಪ್ರತ್ಯೇಕ ಪ್ರಬಂಧದ ವಿಷಯ. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಗೋಪುರದ ಒಂದು ಮೂಲೆ ಅನಿಲಸ್ಫೋಟದಿಂದ ಮೇಲಿನಿಂದ ಕೆಳಗಿನವರೆಗೆ ಕುಸಿದದ್ದೂ, 2001ರ ಗುಜರಾತ್ ಭೂಕಂಪದಲ್ಲಿ ಪೂರ್ವನಿರ್ಮಿತ ಶಾಲಾಕಟ್ಟಡಗಳು ಬಿದ್ದದ್ದೂ ಜೋಡಣೆಯ ದೌರ್ಬಲ್ಯದಿಂದ. ದೊಡ್ಡ ಫಲಕಗಳ ಕಟ್ಟಡಕ್ಕೆ ಐಎಸ್ 11447 (1985), ಪೂರ್ವನಿರ್ಮಿತ ಕಾಂಕ್ರೀಟಿನ ವಿನ್ಯಾಸ ಮತ್ತು ನಿಲ್ಲಿಸುವಿಕೆಗೆ ಐಎಸ್ 15916 (2010) ಮಾನಕಗಳಿವೆ. ಇಟ್ಟಿಗೆಯ ಮುಖ ಆ ನಿಯಮಗಳಿಂದ ಯಾವ ವಿನಾಯಿತಿಯನ್ನೂ ಕೊಡಿಸುವುದಿಲ್ಲ.

ಎರೆಸೀಮೆಯ ವಾಸಕ್ಕೆ ಸಂಬಂಧಿಸಿದಂತೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಟ್ಟಿಗೆಯ ಬಣ್ಣ ಕಂಡು ಮನೆ ತಂಪಾಗಿರುವುದೆಂದು ನಂಬುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಭಾರತೀಯ ಕೈಪಿಡಿಗಳಲ್ಲಿ ಕೊಟ್ಟಿರುವ ಉಷ್ಣವಾಹಕತೆಯ ಅಂಕಿಗಳನ್ನು ಹಿಡಿದರೆ 100 ಮಿ.ಮೀ. ಕಾಂಕ್ರೀಟು ಮತ್ತು 15 ಮಿ.ಮೀ. ಇಟ್ಟಿಗೆ ಸೇರಿ ಒಡ್ಡುವ ಉಷ್ಣರೋಧ ಸುಮಾರು 0.08, ಒಂದು ಮೊಳ, ಅಂದರೆ 450 ಮಿ.ಮೀ., ದಪ್ಪದ ಮಣ್ಣುಗೋಡೆಯದು ಸುಮಾರು 0.6. ಹಳೆಯ ಗೋಡೆ ಏಳು ಪಟ್ಟು ಮೇಲು. ಮಧ್ಯಾಹ್ನದ ಬಿಸಿಲನ್ನು ಇರುಳಿನವರೆಗೆ ತಡೆದಿಡುವ ಮಣ್ಣುಗೋಡೆಯ ಗುಣವನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಕಾಂಕ್ರೀಟಿನ ಎರಡು ಪದರಗಳ ನಡುವೆ 50 ಮಿ.ಮೀ. ಥರ್ಮೋಕೋಲ್ ಇಟ್ಟು ಎರಕ ಹೊಯ್ದರೆ ಆ ಒಂದು ಪದರವೇ 1.4ರಷ್ಟು ರೋಧ ಒಡ್ಡುತ್ತದೆ. ಹೊರದೇಶಗಳಲ್ಲಿ ಇಟ್ಟಿಗೆಮುಖದ ಫಲಕಗಳನ್ನು ಹೆಚ್ಚಾಗಿ ಹೀಗೆಯೇ ಮಾಡುತ್ತಾರೆ. ಈ ನಡುಪದರವಿಲ್ಲದ ಫಲಕವನ್ನು ರೋಣದಂಥ ಬಿಸಿಲುನಾಡಿನ ಪುನರ್ವಸತಿ ಮನೆಗಳಿಗೆ ಶಿಫಾರಸು ಮಾಡುವುದು ಈ ಲೇಖಕನಿಗೆ ಒಪ್ಪಿತವಲ್ಲ.

ಸವಡಿಯ ನೆಲೆಯಿಂದ

ಕಾರ್ಖಾನೆಯ ಪೂರ್ಣ ಪ್ರಮಾಣದ ಫಲಕ ಹಳ್ಳಿಯ ಮನೆಗೆ ತಲುಪುವುದು ಹೇಗೆ ಎಂಬುದು ಉಳಿದ ಪ್ರಶ್ನೆ. 3 ಮೀಟರು ಉದ್ದ, 2.4 ಮೀಟರು ಎತ್ತರದ, 100 ಮಿ.ಮೀ. ಕಾಂಕ್ರೀಟಿನ ಫಲಕ ಇಟ್ಟಿಗೆಯೂ ಸೇರಿ ಸುಮಾರು 1.9 ಟನ್ ತೂಗುತ್ತದೆ. ಅದನ್ನು ಹೊತ್ತು ತರುವ ಉದ್ದನೆಯ ಲಾರಿ, ಎತ್ತಿ ನಿಲ್ಲಿಸುವ ಕ್ರೇನು, ಆ ಕ್ರೇನು ಹುಗಿಯದಂಥ ಗಟ್ಟಿನೆಲ ಇವು ಮೂರೂ ಬೇಕು. ಮಳೆ ಬಿದ್ದ ಎರೆನೆಲದಲ್ಲಿ ಚಕ್ಕಡಿಯೇ ಅಚ್ಚಿನವರೆಗೆ ಹೂಳುತ್ತದೆ. ಓಣಿಯೊಳಗಿನ ಒಂಟಿ ಮನೆಗೆ ಈ ಏರ್ಪಾಡು ಹೊಂದುವುದಿಲ್ಲ. ಡಾಂಬರು ರಸ್ತೆಯ ಪಕ್ಕದಲ್ಲಿ ಒಂದೇ ಮಾದರಿಯಲ್ಲಿ ಹಲವು ಕೊಠಡಿಗಳು ಬೇಕಾಗುವ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೆ ಹೊಂದೀತು; ಒಂದೇ ಅಚ್ಚುಹಾಸು ನೂರು ಬಾರಿ ಬಳಕೆಯಾದಾಗಲೇ ಅದರ ಬೆಲೆಯೂ ಹೊರಡುವುದು.

ಆದರೆ ದೊಡ್ಡ ಫಲಕ ಬಾರದೆಂದು ವಿಧಾನವನ್ನೇ ಕೈಬಿಡಬೇಕಿಲ್ಲ. ಮೇಲೆ ಹೇಳಿದ ಚಾವಣಿಫಲಕದ ಅಳತೆಯನ್ನೇ ಗೋಡೆಯ ಹೊರಹೊದಿಕೆಗೆ ತೆಗೆದುಕೊಂಡರೆ ಏನಾಗುತ್ತದೆಂದು ನೋಡಬಹುದು. 900 × 530 ಮಿ.ಮೀ. ಅಳತೆಯ, 45 ಮಿ.ಮೀ. ಸಣ್ಣಜಲ್ಲಿ ಕಾಂಕ್ರೀಟು ಮತ್ತು 15 ಮಿ.ಮೀ. ಜೇಡಿಹಲ್ಲೆ ಸೇರಿದ ಕಿರುಫಲಕ ಸುಮಾರು 65 ಕಿಲೋಗ್ರಾಮು ತೂಗುತ್ತದೆ. ಇಬ್ಬರು ಎತ್ತಿ ಮೂರನೆಯವನು ಹಿಡಿದು ನಿಲ್ಲಿಸಬಹುದಾದ ಭಾರ. ಇಷ್ಟು ಚಿಕ್ಕ ಅಳತೆಯಲ್ಲಿ ಕುಗ್ಗುವಿಕೆಯ ಮೊತ್ತವೂ ಅರ್ಧ ಮಿಲಿಮೀಟರಿನೊಳಗೆ ನಿಲ್ಲುತ್ತದೆ, ಬಾಗುವ ಸಮಸ್ಯೆ ಬಹುಮಟ್ಟಿಗೆ ತಗ್ಗುತ್ತದೆ. ಒಳಬದಿಯಲ್ಲಿ ಸುಸ್ಥಿರಗೊಳಿಸಿದ ಮಣ್ಣಿನ ಗಟ್ಟಿಗಳ ಗೋಡೆಯನ್ನು ಕಟ್ಟಿದರೆ ಬಿಸಿಲನ್ನು ಅದು ತಡೆದೀತು, ಮಳೆಯನ್ನು ಹೊರಹೊದಿಕೆ ತಡೆದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಕೆಲಸದಿಂದ ಅಂಥ ಗಟ್ಟಿಗಳ ವಿದ್ಯೆ ರಾಜ್ಯದಲ್ಲಿ ಆಗಲೇ ಬೇರುಬಿಟ್ಟಿದೆ. ಹೊದಿಕೆಯನ್ನು ಗೋಡೆಗೆ ಕಟ್ಟಿಹಾಕುವ ಕೊಂಡಿಗಳು ತುಕ್ಕು ಹಿಡಿಯದವಾಗಿರಬೇಕು, ಎರಡರ ನಡುವೆ ನೀರು ಇಳಿದುಹೋಗಲು ತೆರವು ಇರಬೇಕು ಎಂಬ ಎರಡು ಷರತ್ತುಗಳಲ್ಲಿ ರಿಯಾಯಿತಿ ಸಲ್ಲದು.

ಇದು ಕಾಗದದ ಮೇಲಿನ ಲೆಕ್ಕ. ಕಟ್ಟಿ ನೋಡಿ ಹೇಳಿದ ಮಾತಲ್ಲ. ನೋಡುವುದಾದರೆ ಕ್ರಮ ಸರಳವಾಗಿದೆ. ಮಂಗಳೂರು ಹೆಂಚಿನ ಕಾರ್ಖಾನೆಯೊಂದರಿಂದ ಬೆನ್ನಿಗೆ ಗಾಡಿ ಇರುವ ಹಲ್ಲೆ, ಮಾಲೂರಿನ ಯಂತ್ರದ ಇಟ್ಟಿಗೆಯಿಂದ ಸೀಳಿದ ಹಲ್ಲೆ, ರೋಣದ ಸುತ್ತಿನ ಭಟ್ಟಿಯ ಇಟ್ಟಂಗಿಯಿಂದ ಸೀಳಿದ ಹಲ್ಲೆ ಈ ಮೂರರಿಂದಲೂ ಕಿರುಫಲಕಗಳನ್ನು ಒಂದೇ ಅಚ್ಚುಹಾಸಿನಲ್ಲಿ ಎರಕ ಹೊಯ್ಯಬೇಕು. ಎರಕಕ್ಕೆ ಮುನ್ನ ಪ್ರತಿ ಹಲ್ಲೆಯನ್ನೂ ಒಂದೊಂದಾಗಿ ಅಳೆದು ಬರೆದಿಡಬೇಕು, ಇಪ್ಪತ್ತರ ಸಾಲಿನ ಮೊತ್ತವನ್ನಲ್ಲ. 28 ದಿನ ನೀರುಣಿಸಿದ ಮೇಲೆ ಅರ್ಧದಷ್ಟು ಫಲಕಗಳನ್ನು ಆಗಲೇ ಎಳೆದು ಪರೀಕ್ಷಿಸಬೇಕು; ಇನ್ನರ್ಧವನ್ನು ಒಂದು ಬೇಸಿಗೆ, ಒಂದು ಮಳೆಗಾಲ ಸವಡಿಯ ಯಾವುದಾದರೂ ಪಡುವಣ ಗೋಡೆಗೆ ಒರಗಿಸಿಟ್ಟು, ಆ ಬಳಿಕ ಇಟ್ಟಿಗೆಯ ಮುಖಕ್ಕೆ ಉಕ್ಕಿನ ಬಿಲ್ಲೆ ಅಂಟಿಸಿ ಎಳೆಯಬೇಕು. ಕಿತ್ತು ಬಂದಾಗ ಬಿಲ್ಲೆಯೊಂದಿಗೆ ಕಾಂಕ್ರೀಟಿನ ಚೂರು ಬಂದಿದೆಯೋ, ಇಟ್ಟಿಗೆಯೇ ಸೀಳಿದೆಯೋ, ಅಥವಾ ಬೆನ್ನು ಶುಭ್ರವಾಗಿ ಬಿಟ್ಟುಬಂದಿದೆಯೋ ಎಂಬುದನ್ನು ಎಳೆತದ ಅಂಕಿಯ ಜೊತೆಗೇ ಬರೆದಿಡುವುದು ಅಗತ್ಯ. ಮೊದಲೆರಡು ಬಗೆಯಲ್ಲಿ ಹಿಡಿತ ಎರಡು ವಸ್ತುಗಳಲ್ಲಿ ಒಂದರ ಬಲಕ್ಕಿಂತ ಮಿಗಿಲಾಗಿತ್ತೆಂದು ಅರ್ಥ. ಮೂರನೆಯದು ಕಂಡರೆ ಆ ಭಟ್ಟಿಯ ಹಲ್ಲೆಯನ್ನು ಗೋಡೆಯ ಮುಖಕ್ಕೆ ಏರಿಸಬಾರದು.